ಮೊದಲ ಕಮಿಟ್‌ಗೂ ಮುಂಚೆ ಇಮೇಲ್ ಬದಲಿಸಿ

ಮಾನ್ಯರೇ,

ಓಪನ್ ಸೋರ್ಸ್ ಕೋಡ್ ಇಡಲು ಗಿಟ್‌ಹಬ್ ತಾಣ ಸುರಕ್ಷಿತವೋ ಕೋಡ್‌ಬರ್ಗ್ ತಾಣ ಸುರಕ್ಷಿತವೋ ಎಂಬ ವಾದ ಆಗಾಗ ಏಳುತ್ತದೆ. ಆದರೆ ಕೋಡ್ ಬರೆದವರ ಮಾಹಿತಿ ಮೊದಲು ಸೋರುವುದು ತಾಣದಿಂದಲ್ಲ, ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಎಂಬ ತಂತ್ರಾಂಶದಿಂದಲೇ. ಪ್ರತಿ ಕಮಿಟ್‌ನೊಳಗೂ, ಅಂದರೆ ದಾಖಲಾದ ಪ್ರತಿ ಬದಲಾವಣೆಯೊಳಗೂ, ಬರೆದವರ ಹೆಸರು, ಇಮೇಲ್, ಸಮಯ, ಕೊನೆಗೆ +0530ಯಂಥ ಕಾಲವಲಯವೂ ಅಚ್ಚಾಗಿರುತ್ತವೆ. ಗಿಟ್‌ಹಬ್‌ನಲ್ಲಿ ಯಾವುದೇ ಸಾರ್ವಜನಿಕ ಕಮಿಟ್‌ನ ವೆಬ್ ವಿಳಾಸದ ತುದಿಗೆ ‘ಡಾಟ್ ಪ್ಯಾಚ್’ (.patch) ಸೇರಿಸಿ ನೋಡಿ, ಇಮೇಲ್ ಕಣ್ಣೆದುರಿಗೇ ಬರುತ್ತದೆ. ಲಾಗಿನ್ ಕೂಡ ಬೇಕಿಲ್ಲ.

ಗಿಟ್‌ಹಬ್ ಸೆಟ್ಟಿಂಗ್ಸ್‌ನ ಇಮೇಲ್ಸ್ ಪುಟದಲ್ಲಿ ಇಮೇಲ್ ವಿಳಾಸವನ್ನು ಖಾಸಗಿಯಾಗಿಡುವ ಆಯ್ಕೆಯಿದೆ. ಅದನ್ನು ಒತ್ತಿ ಸುಮ್ಮನಾಗುವುದೇ ಸಾಮಾನ್ಯ ತಪ್ಪು. ಅದು ಬ್ರೌಸರ್‌ನಲ್ಲಿ ಮಾಡಿದ ತಿದ್ದುಪಡಿಗಳಿಗೆ ಮಾತ್ರ ಅನ್ವಯ. ಲ್ಯಾಪ್‌ಟಾಪ್‌ನಿಂದ ಹೋಗುವ ಕಮಿಟ್ ಅಲ್ಲಿನ ಗಿಟ್‌ನ ಸೆಟ್ಟಿಂಗ್ಸ್ ಆದ ಗಿಟ್ ಕಾನ್ಫಿಗ್‌ನಲ್ಲಿರುವ ಇಮೇಲನ್ನೇ ಹೊತ್ತೊಯ್ಯುತ್ತದೆ. ಅದೇ ಪುಟ ಕೊಡುವ, ಅಂಕಿ ಮತ್ತು ಯೂಸರ್‌ನೇಮ್ ಸೇರಿದ, ನಿಜವಾದ ಇಮೇಲ್ ಮರೆಮಾಡುವ ನೋ-ರಿಪ್ಲೈ ವಿಳಾಸವನ್ನು ಗಿಟ್ ಕಾನ್ಫಿಗ್‌ಗೂ ಹಾಕಬೇಕು. ಅದರ ಕೆಳಗಿನ, ಇಮೇಲ್ ಬಯಲಾಗುವ ಪುಶ್ (ಕಮಿಟ್‌ಗಳನ್ನು ತಾಣಕ್ಕೆ ಕಳುಹಿಸುವುದು) ತಡೆಯುವ ಆಯ್ಕೆಯನ್ನೂ ಒತ್ತಿದರೆ ಮರೆತ ದಿನ ಗಿಟ್‌ಹಬ್ಬೇ ಬಾಗಿಲು ಹಾಕುತ್ತದೆ. ಇಂಥದೇ ತಾಣಗಳಾದ ಗಿಟ್‌ಲ್ಯಾಬ್, ಕೋಡ್‌ಬರ್ಗ್‌ಗಳಲ್ಲೂ ನೋ-ರಿಪ್ಲೈ ವಿಳಾಸ ಸಿಗುತ್ತದೆ.

ಈಗಾಗಲೇ ಸೋರಿದ್ದರೆ? ಗಿಟ್ ಫಿಲ್ಟರ್-ರೆಪೊ ಎಂಬ ಉಪಕರಣದಿಂದ ಹಳೆಯ ಇಮೇಲ್ ಬದಲಿಸಬಹುದು. ಆದರೆ ಇಮೇಲ್ ಕಮಿಟ್‌ನ ಗುರುತಿನ ಸಂಖ್ಯೆಯಾದ ಹ್ಯಾಶ್‌ನಲ್ಲೇ ಬೆರೆತಿರುವುದರಿಂದ ಅಲ್ಲಿಂದಾಚೆಗಿನ ಎಲ್ಲ ಹ್ಯಾಶ್‌ಗಳೂ ಬದಲಾಗುತ್ತವೆ. ತಾಣದಲ್ಲಿರುವ ಹಳೆಯ ಇತಿಹಾಸದ ಮೇಲೆ ಹೊಸದನ್ನು ಹೇರುವ ಫೋರ್ಸ್ ಪುಶ್ ಮಾಡಬೇಕು, ಜೊತೆಗಾರರೆಲ್ಲ ಹೊಸದಾಗಿ ಕ್ಲೋನ್ ಮಾಡಿಕೊಳ್ಳಬೇಕು (ಪ್ರತಿ ಇಳಿಸಿಕೊಳ್ಳಬೇಕು). ಇಷ್ಟಾದರೂ ಬೇರೆಯವರು ತಮ್ಮ ಖಾತೆಯಲ್ಲಿ ಮಾಡಿಕೊಂಡ ಪ್ರತಿಗಳಾದ ಫೋರ್ಕ್‌ಗಳಲ್ಲಿ ಹಳೆಯದು ಉಳಿದೇ ಇರುತ್ತದೆ. ಬರೀ ಹಳೆಯ ಇಮೇಲ್‌ಗೆ ಹೊಸದನ್ನು ಜೋಡಿಸುವ ಮೇಲ್‌ಮ್ಯಾಪ್ ಕಡತ ಇಟ್ಟರೆ ಇನ್ನೂ ಕೆಟ್ಟದ್ದು: ಕಮಿಟ್‌ಗಳ ಪಟ್ಟಿಯಾದ ಲಾಗ್‌ನಲ್ಲಿ ಕಾಣುವುದಷ್ಟೇ ಬದಲಾಗಿ, ಹಳೆಯ ವಿಳಾಸ ಆ ಕಡತದಲ್ಲೇ ಬಯಲಾಗುತ್ತದೆ. ಇತಿಹಾಸ ತಿದ್ದದೆ ಕೋಡ್‌ಬರ್ಗ್‌ಗೆ ಹೋದರೆ ಕಸವೂ ಹಿಂದೆಯೇ ಬರುತ್ತದೆ.

ಪಾಸ್‌ವರ್ಡ್ ಬದಲು ಗುರುತು ಸಾಬೀತು ಮಾಡುವ ಎಸ್‌ಎಸ್‌ಎಚ್ ಕೀಯನ್ನೂ ಮರೆಯುವಂತಿಲ್ಲ. ಗಿಟ್‌ಹಬ್ ಪ್ರೊಫೈಲ್ ವಿಳಾಸಕ್ಕೆ ‘ಡಾಟ್ ಕೀಸ್’ (.keys) ಸೇರಿಸಿದರೆ ಅದರ ಸಾರ್ವಜನಿಕ ಭಾಗವಾದ ಪಬ್ಲಿಕ್ ಕೀ ಯಾರಿಗೆ ಬೇಕಾದರೂ ಸಿಗುತ್ತದೆ, ಗಿಟ್‌ಲ್ಯಾಬ್‌ನಲ್ಲೂ ಹಾಗೆಯೇ. ಎರಡೂ ಕಡೆ ಒಂದೇ ಕೀ ಬಳಸಿದರೆ ಖಾತೆಗಳೆರಡೂ ಒಬ್ಬರವೇ ಎಂದು ತಿಳಿದುಬಿಡುವುದರಿಂದ ಹೆಸರು ಬೇರೆ ಇಟ್ಟುಕೊಂಡು ಪ್ರಯೋಜನವಿಲ್ಲ.

ತಾಣದ ಆಯ್ಕೆ ಇದಾದ ಮೇಲಿನ ಮಾತು. ಗಿಟ್‌ಹಬ್ 2018ರಿಂದ ಮೈಕ್ರೋಸಾಫ್ಟ್‌ನದು. ಅಮೆರಿಕದ ನಿರ್ಬಂಧಗಳ ಕಾರಣಕ್ಕೆ 2019ರಲ್ಲಿ ಇರಾನ್, ಸಿರಿಯಾ, ಕ್ರಿಮಿಯಾದ ಖಾತೆಗಳಿಗೆ ಮಿತಿ ಹೇರಿತ್ತು. ಯಾರು ಎಲ್ಲಿಂದ ಬರುತ್ತಾರೆಂದು ತಿಳಿಯದೆ ಅದು ಆಗುವ ಕೆಲಸವಲ್ಲ. ಗಿಟ್‌ಲ್ಯಾಬ್ ಅದೇ ವರ್ಷ ಬಳಕೆಯ ಜಾಡು ಹಿಡಿಯುವ ಯೋಜನೆ ಪ್ರಕಟಿಸಿ, ವಿರೋಧ ಬಂದಾಗ ಹಿಂತೆಗೆದುಕೊಂಡಿತು. ಕೋಡ್‌ಬರ್ಗ್ ಬರ್ಲಿನ್‌ನ ಲಾಭರಹಿತ ಸಂಘದ್ದು, ಯುರೋಪಿನ ದತ್ತಾಂಶ ಕಾನೂನಿನಡಿ ಬರುತ್ತದೆ. ಎಲ್ಲಿ ಇಟ್ಟರೂ ಪ್ರೈವೇಟ್ ರೆಪೊ (ಖಾಸಗಿ ಕೋಡ್ ಸಂಗ್ರಹ) ಇತರ ಬಳಕೆದಾರರಿಗಷ್ಟೇ ಮರೆ, ಸರ್ವರ್ ನಡೆಸುವವರಿಗಲ್ಲ.

ವಿದ್ಯಾರ್ಥಿಗಳ ಪ್ರಾಜೆಕ್ಟನ್ನು ಸಾರ್ವಜನಿಕ ರೆಪೊದಲ್ಲಿ ಇಡಿಸುವ ಎಂಜಿನಿಯರಿಂಗ್ ಕಾಲೇಜುಗಳು ಮೊದಲ ಲ್ಯಾಬ್‌ನಲ್ಲೇ ಈ ಹತ್ತು ನಿಮಿಷದ ಕೆಲಸ ಮಾಡಿಸಲಿ. ವಿಶ್ವವಿದ್ಯಾಲಯ ಕೊಡುವ ನೋಂದಣಿ ಸಂಖ್ಯೆಯಾದ ಯುಎಸ್‌ಎನ್ ಅನ್ನು ಯೂಸರ್‌ನೇಮ್‌ನಲ್ಲಾಗಲಿ ರೆಪೊದ ಹೆಸರಿನಲ್ಲಾಗಲಿ ಕೇಳದಿರಲಿ. ಅಂಕ ಕೊಡಲು ಬೇಕಿದ್ದರೆ ಯಾರ ರೆಪೊ ಯಾವುದೆಂಬ ಪಟ್ಟಿಯನ್ನು ವಿಭಾಗದಲ್ಲೇ ಇಟ್ಟುಕೊಳ್ಳಬಹುದು.

– ಓದುಗ, ಮೈಸೂರು