ಪುಟ್ಟಿ, ಈ ಕೇಸು ಆ ಡ್ರೈವರ್ ಮೇಲಿನ ಸಿಟ್ಟಿಗಲ್ಲ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಅಕ್ಕನ ಮನೆಯಲ್ಲಿ ನಿನಗೂ ಆರಾಮ ಅಂದುಕೊಂಡಿದ್ದೇನೆ. ಆ ಲಾರಿ ಹೊಡೆದು ನಿನ್ನ ಬಲಗಾಲು ಹೋದದ್ದಕ್ಕೆ ಪರಿಹಾರ ಕೇಳಿ ಹಾಕಬೇಕಾದ ಕೇಸಿನ ಮಾತು ಫೋನಿನಲ್ಲಿ ಎತ್ತಿದರೆ ನೀನು ಸುಮ್ಮನಾಗಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

"ಆ ಡ್ರೈವರ್‌ಗೂ ಚಿಕ್ಕ ಮಕ್ಕಳಿದ್ದಾರೆ ಅಪ್ಪ, ಅವರ ಮನೆ ಹಾಳಾಗೋದು ಬೇಡ" ಅಂದೆ. ನಿನ್ನ ಮನಸ್ಸೇ ಅಂಥದ್ದು. ಆದರೆ ಪರಿಹಾರ ಬರುವುದು ಅವನ ಜೇಬಿನಿಂದಲ್ಲ. ರಸ್ತೆಗಿಳಿಯುವ ಗಾಡಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ ಅಂತ ಕಾನೂನು ಮಾಡಿರುವುದೇ ಇಂಥ ದಿನಕ್ಕೆ. ಆ ಲಾರಿಯ ಇನ್ಶೂರೆನ್ಸು, ಡ್ರೈವರ್‌ನ ಲೈಸೆನ್ಸು ಎರಡೂ ಚಾಲ್ತಿಯಲ್ಲಿವೆ ಅಂತ ವಕೀಲರು ನೋಡಿ ಹೇಳಿದ್ದಾರೆ. ದುಡ್ಡು ಕೊಡಬೇಕಾದದ್ದು ಇನ್ಶೂರೆನ್ಸ್ ಕಂಪನಿ. ಪೊಲೀಸರು ಅವನ ಮೇಲೆ ಹಾಕಿರುವ ಕೇಸೇ ಬೇರೆ, ಅಪಘಾತದ ಪರಿಹಾರ ಕೇಳಿ ನಾವು ಹಾಕುವ ಎಂವಿಸಿ ಕೇಸೇ ಬೇರೆ.

ಆದರೂ ತಪ್ಪು ತಪ್ಪೇ. ನೀನು ಡಾಂಬರು ಬಿಟ್ಟು ಮಣ್ಣಿನ ಮೇಲೆ ನಿಂತು ಬಸ್ಸಿಗೆ ಕಾಯುತ್ತಿದ್ದೆ. ಲಾರಿ ರಿವರ್ಸ್ ಬರುವಾಗ ಕ್ಲೀನರ್ ಇಳಿದು ಹಿಂದೆ ನೋಡಬೇಕಿತ್ತು. ಅವನು ಮೇಲೇ ಕೂತಿದ್ದ. ಪೊಲೀಸರು ಜಾಗ ನೋಡಿ ಬರೆದ ಸ್ಪಾಟ್ ಮಹಜರಿನ ನಕ್ಷೆಯಲ್ಲಿ ಚಕ್ರದ ಗುರುತು ಡಾಂಬರು ದಾಟಿ ಕೆಳಗಿಳಿದಿರುವುದು ಸರಿಯಾಗಿ ಬಂದಿದೆ. ಆ ಹಾಳೆ ನೋಡಿ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ಕಂಪನಿ ವಕೀಲರು "ನೀವೇ ರಸ್ತೆ ಮೇಲೆ ನಿಂತಿದ್ರಿ ಅಲ್ವಾ" ಅಂತ ಕೇಳುತ್ತಾರೆ. ಹೆದರಬೇಡ. ಎಲ್ಲಿ ನಿಂತಿದ್ದೆಯೋ ಅಷ್ಟನ್ನೇ ಹೇಳು.

ಮಾಲೀಕರ ಕಡೆಯವರು ಮನೆಗೆ ಬಂದಿದ್ದರು. ಎರಡು ಲಕ್ಷ ಕೊಡ್ತೀವಿ, ರಾಜಿ ಪತ್ರಕ್ಕೆ ಸಹಿ ಹಾಕಿಸಿ ಅಂದರು. ಕೋರ್ಟಿಗೆ ಯಾರು ಅಲೀತಾರೆ ಅಂತ ನಿನ್ನ ದೊಡ್ಡಪ್ಪನೂ ಅದಕ್ಕೇ ತಲೆಯಾಡಿಸಿದರು. ನಾನು ಒಪ್ಪಲಿಲ್ಲ. ಲೆಕ್ಕ ಕೇಳು. ನಿನಗೆ 24 ವರ್ಷ. ಈ ವಯಸ್ಸಿಗೆ ಸುಪ್ರೀಂ ಕೋರ್ಟ್ ಇಟ್ಟಿರುವ ಗುಣಕ, ಅಂದರೆ ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ, 18. ಹೊಲಿಗೆಯಿಂದ ನಿನಗೆ ತಿಂಗಳಿಗೆ 12,000 ಬರುತ್ತಿತ್ತು. ಸ್ವಂತ ದುಡಿಮೆಯವರಿಗೆ 40 ವರ್ಷದೊಳಗಾದರೆ ಮುಂದಿನ ಏಳಿಗೆ ಅಂತ ಶೇ. 40 ಸೇರಿಸುತ್ತಾರೆ. ಅಲ್ಲಿಗೆ 16,800. ವರ್ಷಕ್ಕೆ 2,01,600. ಅದನ್ನು 18ರಿಂದ ಗುಣಿಸಿದರೆ 36,28,800. ಇದರಲ್ಲಿ ನಿನ್ನ ದುಡಿಯುವ ಶಕ್ತಿ ಎಷ್ಟು ಹೋಗಿದೆಯೋ ಅಷ್ಟು ಪಾಲು ನಿನಗೆ ಸಿಗಬೇಕು. ಅರ್ಧ ಅಂದರೂ 18 ಲಕ್ಷ ದಾಟುತ್ತದೆ. ಆಸ್ಪತ್ರೆ ಖರ್ಚು, ನೋವಿನ ಬಾಬ್ತು ಬೇರೆ.

ಜಗಳ ಇರುವುದು ಆ ಪಾಲಿನ ಬಗ್ಗೆಯೇ. ಡಾಕ್ಟರು ಬರೆದ ಅಂಗವೈಕಲ್ಯದ ಶೇಕಡಾವಾರು ಒಂದು, ದುಡಿಮೆಗೆ ಬಿದ್ದ ಪೆಟ್ಟು ಇನ್ನೊಂದು. 2010ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದೆ. ಎಡಗೈ ಹೋದರೆ ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು, ಅದೇ ಡ್ರೈವರ್ ಅಥವಾ ಬಡಗಿಗಾದರೆ ದುಡಿಮೆಯೇ ನಿಂತ ಹಾಗೆ. ನಿನ್ನದೂ ಅದೇ ಥರ. ಬ್ಲೌಸಿನ ತೋಳಿನ ಸುತ್ತು ಬಂದಾಗ ನೀನು ಪೆಡಲ್ ಮೇಲೆ ಬಲಗಾಲು ಬಿಗಿಹಿಡಿದು, ಮಷಿನ್ ನಿಧಾನಿಸಿ, ಒಂದೊಂದೇ ಹೊಲಿಗೆ ಹಾಕುತ್ತಿದ್ದೆ. ಮೊಣಕಾಲಿನ ಕೆಳಗೆ ಆ ಕಾಲು ಈಗ ಇಲ್ಲ. "ಮೋಟಾರ್ ಹಾಕಿಸ್ಕೊಳ್ಳಿ" ಅಂತ ಯಾರಾದರೂ ಕೇಳಿದರೆ ಇದನ್ನು ಬಿಡಿಸಿ ಹೇಳು. ಮೋಟಾರಿಗೂ ಪೆಡಲ್ ಒತ್ತಲೇಬೇಕು.

ಕೃತಕ ಕಾಲು ಒಂದು ಸಲ ಹಾಕಿದರೆ ಮುಗಿಯಲ್ಲ. ಸವೆಯುತ್ತದೆ, ಅಳತೆ ಬದಲಾಗುತ್ತದೆ. ಹೊಸದರ ಖರ್ಚು, ರಿಪೇರಿ ಖರ್ಚನ್ನೂ ಅರ್ಜಿಯಲ್ಲಿ ಈಗಲೇ ಕೇಳಬೇಕು.

ಇನ್ನೊಂದು ಮಾತು, ಬರೆಯಲು ಕಷ್ಟವಾಗುತ್ತಿದೆ. ಮದುವೆಯ ಅವಕಾಶಕ್ಕೆ ಆದ ತೊಂದರೆ ಅಂತಲೂ ಪರಿಹಾರ ಕೇಳುತ್ತಾರೆ. ಆ ಸಾಲು ಓದಿ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅದು ಕೋರ್ಟಿನ ಲೆಕ್ಕ. ನಿನ್ನ ಬದುಕಿನ ಬಗ್ಗೆ ನಮ್ಮ ಮನೆಯ ತೀರ್ಮಾನ ಅಲ್ಲ.

ಅರ್ಜಿಯನ್ನು ನಾವಿರುವ ಊರಿನ ನ್ಯಾಯಮಂಡಳಿಯಲ್ಲೇ ಹಾಕಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ನಮ್ಮ ವಕೀಲರು ಸಿಕ್ಕಿದ್ದು ಅಲ್ಲೇ. ಬಂದ ಹಣದಲ್ಲಿ ಇಷ್ಟು ಪರ್ಸೆಂಟ್ ಕೊಡಿ ಅಂತ ಹೊರಗಡೆ ಯಾರೋ ಕೇಳಿದ್ದರು. ವಕೀಲರು ಹಾಗೆ ಪಾಲು ಕೇಳುವ ಹಾಗೇ ಇಲ್ಲ.

ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನುವ ನಿಯಮ 2022ರ ಏಪ್ರಿಲ್‌ನಿಂದ ಬಂದಿದೆ. ಜಾಸ್ತಿ ದಿನ ಉಳಿದಿಲ್ಲ. ವಕೀಲರಿಗೆ ಕೇಸು ನಡೆಸಲು ಒಪ್ಪಿಗೆ ಕೊಡುವ ವಕಾಲತ್ತು ಪತ್ರವನ್ನು ನಿನ್ನ ಸಹಿಗೆ ಭಾನುವಾರ ಹಿಡಿದು ಬರುತ್ತೇನೆ. ಡಿಸ್ಚಾರ್ಜ್ ಸಮರಿ, ಔಷಧಿ ಬಿಲ್ಲು, ಆಟೋ ಚೀಟಿ ಏನೂ ಎಸೆಯಬೇಡ. ನೀನು ಅಳತೆ, ಹೊಲಿಗೆ ಕೂಲಿ ಬರೆದಿಡುತ್ತಿದ್ದ ನೋಟ್‌ಬುಕ್ ಎಲ್ಲಿಟ್ಟಿದ್ದೀಯ ಹೇಳು. ಆದಾಯಕ್ಕೆ ಅದೇ ದಾಖಲೆ ಆಗುತ್ತದೆ ಅಂತ ವಕೀಲರು ಕೇಳುತ್ತಿದ್ದಾರೆ.

ನಿನ್ನ ಅಪ್ಪ