ಆಶ್‌ವಿಲ್‌ನಲ್ಲಿ ಬಕೆಟ್ ಹೊತ್ತವರಿಗೆ

2024ರ ನವೆಂಬರ್ 18ರಂದು ಅಮೆರಿಕದ ನಮ್ಮ ಆಶ್‌ವಿಲ್ ನಗರದ ಆಡಳಿತದವರು ನಲ್ಲಿ ನೀರನ್ನು ಇನ್ನು ಕುದಿಸದೇ ಕುಡಿಯಬಹುದು ಎಂದು ಹೇಳಿದರು. ಹೆಲೀನ್ ಚಂಡಮಾರುತ ಹೊಡೆದ ಮೇಲೆ 53 ದಿನ ಊರಿಗೆ ಕುಡಿಯುವ ನೀರು ಇರಲಿಲ್ಲ. ಈಗಲಾದರೂ ಕೆಲವರಿಗೆ ಧನ್ಯವಾದ ಹೇಳಲೇಬೇಕು.

ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಫ್ಲೋರಿಡಾದ ಕರಾವಳಿಗೆ ಅಪ್ಪಳಿಸಿತು. ನಾವಿರುವುದು ಅಲ್ಲಿಂದ ನೂರಾರು ಮೈಲಿ ದೂರ, ನಾರ್ತ್ ಕೆರೊಲೈನಾದ ಬೆಟ್ಟಗಳ ನಡುವೆ. ಮರುದಿನ ಇಲ್ಲಿನ ಫ್ರೆಂಚ್ ಬ್ರಾಡ್ ನದಿ 1916ರ ಪ್ರವಾಹದ ಮಟ್ಟವನ್ನೂ ಮೀರಿ ಹರಿಯಿತು. ನಮ್ಮ ರಾಜ್ಯ ಒಂದರಲ್ಲೇ ನೂರಕ್ಕೂ ಜಾಸ್ತಿ ಜನ ತೀರಿಕೊಂಡರು. ನಮ್ಮ ಮನೆ ಎತ್ತರದಲ್ಲಿತ್ತು, ಉಳಿಯಿತು. ಕರೆಂಟ್, ಫೋನು, ನೀರು ಮೂರೂ ಹೋದವು.

ನೀರು ಯಾಕೆ ಅಷ್ಟು ದಿನ ಬರಲಿಲ್ಲ ಅಂತ ಊರಿನಿಂದ ತುಂಬಾ ಜನ ಕೇಳಿದಿರಿ. ಆಶ್‌ವಿಲ್‌ಗೆ ನೀರು ಕೊಡುವ ನಾರ್ತ್ ಫೋರ್ಕ್ ಜಲಾಶಯದಿಂದ ಬರುವ ದೊಡ್ಡ ಪೈಪುಗಳೇ ಕೊಚ್ಚಿಹೋಗಿದ್ದವು. ಇಂಥ ಹೊತ್ತಿಗೆಂದೇ ಸುಮಾರು 25 ಅಡಿ ಆಳದಲ್ಲಿ ಹೂತಿಟ್ಟಿದ್ದ ಬದಲಿ ಪೈಪೂ ಉಳಿಯಲಿಲ್ಲ. ಅದನ್ನು ಮತ್ತೆ ಕೂರಿಸಿದ ಮೇಲೂ ಜಲಾಶಯದ ತುಂಬಾ ತೇಲುವ ಜೇಡಿಮಣ್ಣು. ಪಟಿಕದಂಥ ರಾಸಾಯನಿಕ ಹಾಕಿ ಅದನ್ನು ತಳಕ್ಕೆ ಇಳಿಸಬೇಕಾಯಿತು. ಹಗಲೂ ರಾತ್ರಿ ದುಡಿದ ಆ ನೀರಿನ ಇಲಾಖೆಯವರಿಗೆ ಮೊದಲ ನಮಸ್ಕಾರ.

ಕುಡಿಯುವ ನೀರಿನ ಬಾಟಲಿಗಳು ಬೇಗ ಬಂದವು. ವರ್ಲ್ಡ್ ಸೆಂಟ್ರಲ್ ಕಿಚನ್ ಎಂಬ ನೆರವು ಸಂಸ್ಥೆಯವರು ಬಿಸಿ ಊಟ ಕೊಟ್ಟರು. ರಸ್ತೆಯೇ ಇಲ್ಲದ ಹಳ್ಳಿಗಳಿಗೆ ಹೇಸರಗತ್ತೆಗಳ ಮೇಲೆ ಸಾಮಾನು ಹೋಯಿತು, ಹೆಲಿಕಾಪ್ಟರ್ ಹೋಯಿತು. ಇದನ್ನೆಲ್ಲ ನೀವು ಟಿವಿಯಲ್ಲಿ ನೋಡಿರುತ್ತೀರಿ. ಟಿವಿಯಲ್ಲಿ ಜಾಸ್ತಿ ಬಾರದ ಕೆಲಸ ಇನ್ನೊಂದಿತ್ತು. ಕಕ್ಕಸಿಗೆ ನೀರು.

ನಾವಿರುವುದು ಮೂರನೇ ಮಹಡಿ. ಆಗ ಅಮ್ಮ ಹಾಸನದಿಂದ ಬಂದಿದ್ದರು, ಅವರಿಗೆ ಮಂಡಿನೋವು. ಪಕ್ಕದ ಮನೆಗಳಲ್ಲೂ ವಯಸ್ಸಾದವರೇ. ಒಂದು ಸಲ ಫ್ಲಶ್ ಮಾಡಲು ಒಂದು ಬಕೆಟ್ ನೀರಾದರೂ ಬೇಕು. ಹೊಳೆಯಿಂದಲೋ ಈಜುಕೊಳದಿಂದಲೋ ತರಬೇಕು, ಮೆಟ್ಟಿಲು ಹತ್ತಿಸಬೇಕು. ಹೊಟ್ಟೆಗೆ ಊಟ ಕೊಟ್ಟರೆ ಸಾಲದು, ಅಲ್ವಾ? ಗಲೀಜು ನಿಂತರೆ ಕಾಯಿಲೆ ಬರುತ್ತದೆ. ಮರ್ಯಾದೆಯ ಮಾತೂ ಹೌದು. ಅಮ್ಮ ಯಾರಿಗೂ ಹೇಳದೆ ಊಟ ಕಡಿಮೆ ಮಾಡಿಬಿಟ್ಟಿದ್ದರು.

ಆಗ ಬಂದರು ಈ ಹುಡುಗ ಹುಡುಗಿಯರು. ಪಿಕಪ್ ಗಾಡಿಯ ಹಿಂದೆ ದೊಡ್ಡ ಟ್ಯಾಂಕು, ಕೈಯಲ್ಲಿ ಬಕೆಟ್. ಒಂದೊಂದೇ ಬಾಗಿಲು ತಟ್ಟಿ, "ಫ್ಲಶ್ ಮಾಡೋಕೆ ನೀರು ಬೇಕಾ?" ಅಂತ ಕೇಳಿದರು. ಮೂಗು ಮುಚ್ಚಲಿಲ್ಲ, ಮುಖ ಸಿಂಡರಿಸಲಿಲ್ಲ. ನೇರ ಒಳಗೆ ಹೋಗಿ ಸುರಿದರು. ಸ್ನಾನದ ತೊಟ್ಟಿಯನ್ನೂ ತುಂಬಿಸಿ ಹೋದರು, ಮತ್ತೆ ಬಂದರು. ನಿಮ್ಮ ಋಣ ನಮ್ಮ ಮನೆಯ ಮೇಲಿದೆ ಮಕ್ಕಳೇ. ಅಮ್ಮ ಊರಿಗೆ ಹೋದ ಮೇಲೂ ಫೋನಿನಲ್ಲಿ ನಿಮ್ಮನ್ನು ವಿಚಾರಿಸುತ್ತಾರೆ.

ಇಲ್ಲಿನ ಬ್ಲೂ ರಿಡ್ಜ್ ಪಬ್ಲಿಕ್ ರೇಡಿಯೋದವರಿಗೂ ಥ್ಯಾಂಕ್ಸ್. ಫೋನು ಸತ್ತಿದ್ದಾಗ ಕಾರಿನಲ್ಲಿ ಕೂತು ಅದನ್ನು ಕೇಳಿಯೇ ಎಲ್ಲಿ ಏನು ಸಿಗುತ್ತದೆ ಅಂತ ತಿಳಿಯುತ್ತಿದ್ದೆವು. ಬೇರೆ ಬೇರೆ ರಾಜ್ಯಗಳಿಂದ ಬಂದ ಲೈನ್‌ಮನ್‌ಗಳಿಗೂ.

ಷಾರ್ಲಟ್‌ನಿಂದ ಸುತ್ತು ದಾರಿಯಲ್ಲಿ ಬಂದ ಕನ್ನಡದ ಕುಟುಂಬಕ್ಕೆ ಏನು ಹೇಳಲಿ? ನಮ್ಮ ಪರಿಚಯವೇ ನಿಮಗಿರಲಿಲ್ಲ. ಅವಲಕ್ಕಿ, ಚಟ್ನಿಪುಡಿ, ಗ್ಯಾಸ್ ಒಲೆ, ಜೊತೆಗೆ ಅಮ್ಮನ ಬಿಪಿ ಮಾತ್ರೆ. ಮಾತ್ರೆ ಹೆಸರು ಕೇಳಿ ಬರೆದುಕೊಂಡಿರಲ್ಲ, ಅದನ್ನು ನಾನು ಮರೆಯುವುದಿಲ್ಲ ಅಕ್ಕ.

ಇನ್ನೂ ಏನಾದರೂ ಕಳಿಸಬೇಕು ಅಂತಿರುವವರಿಗೆ ಒಂದು ಮಾತು. ನಮಗೆ ಈಗ ನೀರು ಬೇಡ. ಪಕ್ಕದ ಸ್ವಾನನೋವಾ ಕಣಿವೆಯಲ್ಲಿ ಮನೆ ಕಳೆದುಕೊಂಡ ಎಷ್ಟೋ ಜನ ಈ ಚಳಿಯಲ್ಲಿ ಕ್ಯಾಂಪರ್ ಗಾಡಿಗಳಲ್ಲಿ, ಟೆಂಟುಗಳಲ್ಲಿ ಇದ್ದಾರೆ. ಅವರಿಗೆ ಹೀಟರ್, ದಪ್ಪ ಕಂಬಳಿ, ಪ್ರೊಪೇನ್ ಗ್ಯಾಸ್ ಬೇಕು. ಷಾರ್ಲಟ್, ರಾಲಿ ಕಡೆಯಿಂದ ಬರುವವರು ನನಗೆ ಮೆಸೇಜ್ ಮಾಡಿ. ಶನಿವಾರ ನಾನೂ ಗಾಡಿ ತಗೊಂಡು ಅಲ್ಲಿಗೆ ಹೋಗುತ್ತಿದ್ದೇನೆ.