ಸ್ಟಿರಾಯ್ಡ್ ಇಳಿಸುವ ಲೆಕ್ಕವನ್ನು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಿ

ಸಂಪಾದಕರಿಗೆ ನಮಸ್ಕಾರ.

ಮಳೆಗಾಲ ಬಂತೆಂದರೆ ನಿಮ್ಮ ಪತ್ರಿಕೆಯಲ್ಲಿ ಡೆಂಗಿ ಬಗ್ಗೆ, ಇಲಿಜ್ವರದ ಬಗ್ಗೆ ಬರುತ್ತದೆ. ಬರಲಿ, ಬೇಕು. ಆದರೆ ನಮ್ಮ ಕೊಡಗಿನಲ್ಲಿ ಮಳೆಗಾಲದ ಇನ್ನೊಂದು ಗೋಳು ಚರ್ಮದ್ದು. ಅದಕ್ಕೆ ಸ್ಟಿರಾಯ್ಡ್ ಮಾತ್ರೆ ಕೊಡುತ್ತಾರೆ, ಅದರ ಪ್ರಮಾಣವನ್ನು ಇಳಿಸುತ್ತಾ ಬರುವಾಗ ದದ್ದು ಮತ್ತೆ ಎದ್ದರೆ ಏನು ಮಾಡಬೇಕು ಅಂತ ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಳೆದ ವರ್ಷ ನಾನು ಪಟ್ಟ ಪಾಡನ್ನು ಬರೆಯುತ್ತಿದ್ದೇನೆ. ಉದ್ದವಾದರೆ ಕತ್ತರಿಸಿ, ಕೊನೆಯಲ್ಲಿ ಕೇಳಿರುವುದನ್ನು ಬಿಡಬೇಡಿ.

ಜುಲೈ ಗಾಳಿಗೆ ನಮ್ಮ ತೋಟದ ಬೇಲಿ ಮೇಲೆ ಚೇರೆ ಮರದ ಕೊಂಬೆಯೊಂದು ಮುರಿದು ಬಿತ್ತು. ಚೇರೆ ಗೊತ್ತಲ್ವಾ, ಗೇರು, ಮಾವಿನ ಕುಟುಂಬದ್ದೇ ಮರ. ಕಡಿದರೆ ಸೊನೆ ಬರುತ್ತದೆ, ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ. ಕೆಲವರಿಗೆ ಏನೂ ಆಗುವುದಿಲ್ಲ. 48 ವರ್ಷ ನಾನೂ ಆ ಪಟ್ಟಿಯಲ್ಲೇ ಇದ್ದೇನೆ ಅಂದುಕೊಂಡಿದ್ದೆ. ಅವತ್ತು ಕೆಲಸಕ್ಕೆ ಯಾರೂ ಬಂದಿರಲಿಲ್ಲ, ದನ ನುಗ್ಗಿದರೆ ಕಷ್ಟ ಅಂತ ಜರ್ಕಿನ್ ಹಾಕಿಕೊಂಡು ನಾನೇ ಕತ್ತಿ ಹಿಡಿದೆ. ಅವತ್ತು ಏನೂ ಇಲ್ಲ. ಮಾರನೇ ದಿನವೂ ಇಲ್ಲ. ಮೂರನೇ ದಿನ ಬೆಳಿಗ್ಗೆ ಎದ್ದರೆ ಎರಡೂ ಕೈ ಕೆಂಪಾಗಿ, ಸಾಲಾಗಿ ನೀರುಗುಳ್ಳೆ, ಮುಖ ಊದಿ ಒಂದು ಕಣ್ಣು ಮುಚ್ಚಿಯೇ ಹೋಗಿತ್ತು. ಚೇರೆ ತಾಗಿದರೆ ತಾರೆ ಮರಕ್ಕೆ ಸುತ್ತು ಬರಬೇಕು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಸುತ್ತು ಬರಲು ದಾರಿ ಕಾಣಬೇಕಲ್ಲ!

ಹತ್ತಿರದ ಪೇಟೆಯ ಡಾಕ್ಟರರು ಪ್ರೆಡ್ನಿಸೋಲೋನ್ ಅನ್ನುವ ಸ್ಟಿರಾಯ್ಡ್ ಮಾತ್ರೆ ಕೊಟ್ಟರು. ದಿನಕ್ಕೆ 40 ಮಿಲಿಗ್ರಾಂ, 5 ದಿನ, ಅಷ್ಟೇ. ಎರಡನೇ ದಿನಕ್ಕೆ ತುರಿಕೆ ನಿಂತಿತು, ನಾಲ್ಕನೇ ದಿನಕ್ಕೆ ಮುಖ ಮುಖದಂತೆ ಆಯಿತು. ಇಂಥ ಮದ್ದೇ ಇಲ್ಲ ಅಂತ ಮನೆಯಲ್ಲೆಲ್ಲ ಹೊಗಳಿದೆ. ಮಾತ್ರೆ ಮುಗಿದ ಮೂರನೇ ದಿನ ಎಲ್ಲ ವಾಪಸ್ ಬಂತು, ಈ ಸಲ ಹೊಟ್ಟೆ ಮೇಲೂ. ಮಳೆಯಲ್ಲಿ ಮತ್ತೆ ಬಸ್ಸು ಹತ್ತುವ ಮನಸ್ಸಾಗಲಿಲ್ಲ. ಹಳೇ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ಅದೇ ಮಾತ್ರೆ 5 ದಿನಕ್ಕೆ ತಂದೆ. ಅವರೂ ಕೊಟ್ಟರು, ಏನೂ ಕೇಳಲಿಲ್ಲ. ಮತ್ತೆ ವಾಸಿ, ಮತ್ತೆ ವಾಪಸ್.

ಕೊನೆಗೆ ಮೈಸೂರಿಗೆ ಹೋದೆ. ಅಲ್ಲಿನ ಚರ್ಮದ ಡಾಕ್ಟರರು ಬೈದರು, ಆದರೆ ಬಿಡಿಸಿ ಹೇಳಿದರು. ಇಂಥ ಸೊನೆ ತಾಗಿದಾಗ ದೇಹದೊಳಗೆ ಏಳುವ ಅಲರ್ಜಿ 2-3 ವಾರ ಇರುತ್ತದಂತೆ. ಸ್ಟಿರಾಯ್ಡ್ ಅದನ್ನು ಅದುಮಿ ಇಡುತ್ತದೆ, ತೆಗೆದುಹಾಕುವುದಿಲ್ಲ. 5 ದಿನಕ್ಕೆ ಕೈ ತೆಗೆದರೆ ಅದುಮಿದ್ದು ಮೇಲೇಳುತ್ತದೆ. ಗುಳ್ಳೆಯ ನೀರು ತಾಗಿ ಹರಡಿತು ಅಂತ ನಾವು ಅಂದುಕೊಳ್ಳುವುದು ಸುಳ್ಳು, ಆ ನೀರಿನಿಂದ ಹರಡುವುದಿಲ್ಲ. ಅವರು ಮೊದಲ ವಾರ 40, ಎರಡನೇ ವಾರ 20, ಮೂರನೇ ವಾರ 10, ಆಮೇಲೆ ಕೆಲವು ದಿನ 5 ಅಂತ ಬರೆದರು. ಬೆಳಿಗ್ಗೆ ತಿಂಡಿ ಆದ ಮೇಲೆ ಒಂದೇ ಸಲ ನುಂಗಬೇಕು. ಸಕ್ಕರೆ ಕಾಯಿಲೆ ಇದೆಯಾ ಅಂತಲೂ ಕೇಳಿದರು, ಈ ಮಾತ್ರೆ ರಕ್ತದ ಸಕ್ಕರೆ ಏರಿಸುತ್ತದೆ. ಇದು ನನ್ನ ಲೆಕ್ಕ, ದಯವಿಟ್ಟು ಯಾರೂ ಇದನ್ನು ಕತ್ತರಿಸಿ ಮೆಡಿಕಲ್‌ಗೆ ತೆಗೆದುಕೊಂಡು ಹೋಗಬೇಡಿ.

ಎಲ್ಲ ಸರಿಯಾಗಿ ನಡೆಯುತ್ತಿತ್ತು. 20ರಿಂದ 10ಕ್ಕೆ ಇಳಿದ ಎರಡನೇ ದಿನ ಕುತ್ತಿಗೆ ಸುತ್ತ, ಮಣಿಕಟ್ಟಿನ ಸುತ್ತ ಮತ್ತೆ ದದ್ದು. ನಮ್ಮ ಅತ್ತೆ, ಕಕ್ಕಡ (ಆಟಿ) ತಿಂಗಳ ಹದಿನೆಂಟರಂದು ಎರಡು ಲೋಟ ಮದ್ದುಸೊಪ್ಪಿನ ಪಾಯಸ ಕುಡಿದೆಯಲ್ಲ, ಅದರ ಉಷ್ಣ ಅಂದರು. ಪಕ್ಕದ ತೋಟದವರು ಮತ್ತೆ 40ಕ್ಕೆ ಏರಿಸು ಅಂದರು. ಹೆಂಡತಿ, ಆ ಹಾಳು ಮಾತ್ರೆಯನ್ನೇ ಬಿಸಾಡಿ ಅಂದಳು. ಮೂವರಿಗೂ ನನ್ನ ಮೇಲೆ ಪ್ರೀತಿಯೇ. ಮೂವರ ಮಾತು ಕೇಳಿದ್ದರೂ ಕೆಡುತ್ತಿತ್ತು.

ಡಾಕ್ಟರರಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, ಮಳೆಗೆ ಏನು ಹಾಕಿಕೊಳ್ಳುತ್ತೀರಿ ಅಂತ. ಜರ್ಕಿನ್! ಕೊಂಬೆ ಕಡಿದ ದಿನ ಹಾಕಿದ್ದೇ ಅದು. ಆಗಸ್ಟ್‌ನಲ್ಲಿ ಒಗೆದರೆ ಒಣಗುವುದೆಲ್ಲಿ ಅಂತ ಒಲೆ ಮೇಲಿನ ಹಗ್ಗಕ್ಕೆ ನೇತುಹಾಕಿ, ಹಾಗೇ ದಿನಾ ಹಾಕಿಕೊಳ್ಳುತ್ತಿದ್ದೆ. ಕಾಲರಿಗೂ ತೋಳಿನ ತುದಿಗೂ ಸೊನೆ ಅಂಟಿತ್ತು, ದದ್ದು ಎದ್ದದ್ದೂ ಅಲ್ಲೇ. ಬಟ್ಟೆಗೆ, ಕತ್ತಿಯ ಹಿಡಿಗೆ ಅಂಟಿದ ಸೊನೆ ಎಷ್ಟೋ ದಿನ ಬಿಟ್ಟು ತಾಗಿದರೂ ಸಾಕಂತೆ. ಗ್ಲೌಸ್ ಹಾಕಿಕೊಂಡು ಎರಡನ್ನೂ ಸೋಪಿನಲ್ಲಿ ತೊಳೆದೆ. ಮಾತ್ರೆ ಒಂದು ಮಿಲಿಗ್ರಾಂ ಕೂಡ ಏರಿಸಲಿಲ್ಲ. ನಾಲ್ಕೈದು ದಿನಕ್ಕೆ ಇಳಿಯಿತು.

ಹೀಗೆ ಒಂದೇ ಮೈಯಲ್ಲಿ ಒಂದೇ ತಿಂಗಳಲ್ಲಿ ಎದ್ದ ದದ್ದುಗಳಿಗೆ ಎರಡು ಬೇರೆ ಬೇರೆ ಕಾರಣ ಇತ್ತು. ಇನ್ನೊಬ್ಬರಿಗೆ ಮೂರನೆಯದು ಇರಬಹುದು. ನಮ್ಮ ಕಡೆ ಜೂನ್‌ನಿಂದ ಒದ್ದೆ ಬಟ್ಟೆ, ಒದ್ದೆ ಬೂಟು. ಸ್ಟಿರಾಯ್ಡ್ ದೇಹದ ಕಾವಲನ್ನು ಸಡಿಲ ಮಾಡುತ್ತದೆ, ಆಗ ಹುಳುಕಡ್ಡಿ ಸದ್ದಿಲ್ಲದೆ ಬೆಳೆಯುತ್ತದೆ, ಅದರ ಮೇಲೆ ಸ್ಟಿರಾಯ್ಡ್ ಮುಲಾಮು ಹಚ್ಚಿದರೆ ಕೆಂಪು ಮಾಯವಾಗಿ ರೋಗ ಒಳಗೊಳಗೇ ಹರಡುತ್ತದೆ, ಮುಲಾಮು ಬಿಟ್ಟ ದಿನ ನೋಡಿದರೆ ತೊಡೆಯೆಲ್ಲ ಹುಳುಕಡ್ಡಿ. ಎದೆ, ಬೆನ್ನಿನ ಮೇಲೆ ಮೊಡವೆಯಂಥ ಗುಳ್ಳೆ ಎದ್ದರೆ ಅದು ಮಾತ್ರೆಯದ್ದೇ ಕೆಲಸ ಇರಬಹುದು. ಸೋರಿಯಾಸಿಸ್ ಇರುವವರು ಸ್ಟಿರಾಯ್ಡ್ ಮಾತ್ರೆಯನ್ನು ಬಿಡುವಾಗ ಮೈತುಂಬ ಕೀವುಗುಳ್ಳೆ ಎದ್ದು ಆಸ್ಪತ್ರೆ ಸೇರುವುದೂ ಉಂಟು. ಇದನ್ನೆಲ್ಲ ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಭಾವನ ಹತ್ತಿರ ಕೇಳಿದರೆ ಹೇಗೆ ಗೊತ್ತಾಗುತ್ತದೆ?

ಹಾಗಂತ ಹೆದರಿ ದಿಢೀರ್ ಅಂತ ನಿಲ್ಲಿಸುವುದೂ ಅಪಾಯ. ನಮ್ಮ ದೊಡ್ಡಮ್ಮ ಗಂಟುನೋವಿಗೆ ತಿಂಗಳುಗಟ್ಟಲೆ ಈ ಮಾತ್ರೆ ನುಂಗುತ್ತಿದ್ದರು. ಮುಖ ಗುಂಡಗಾಗಿತ್ತು. ಮೊಮ್ಮಗಳ ಮದುವೆ ಫೋಟೋದಲ್ಲಿ ಹೀಗೆ ಕಾಣಬಾರದು ಅಂತ ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟರು. ನಾಲ್ಕು ದಿನಕ್ಕೆ ವಾಂತಿ, ತಲೆಸುತ್ತು, ಏಳಲು ಶಕ್ತಿಯಿಲ್ಲ, ಬಿಪಿ ಪೂರ್ತಿ ಕುಸಿದಿತ್ತು. ಮದುವೆ ದಿನ ಅವರು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದರು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನಾ ಕಾರ್ಟಿಸಾಲ್ ಅನ್ನುವ ದೇಹದ ಸ್ವಂತ ಸ್ಟಿರಾಯ್ಡ್ ತಯಾರಿಸುತ್ತವೆ. ಪ್ರೆಡ್ನಿಸೋಲೋನ್ ಲೆಕ್ಕದಲ್ಲಿ ಹೇಳಿದರೆ ಸುಮಾರು 5 ಮಿಲಿಗ್ರಾಂನಷ್ಟು. ಹೊರಗಿನಿಂದ ಜಾಸ್ತಿ ಬರುತ್ತಿದ್ದರೆ ಅವು ಕೆಲಸ ನಿಲ್ಲಿಸುತ್ತವೆ. 3-4 ವಾರಕ್ಕಿಂತ ಹೆಚ್ಚು ತೆಗೆದುಕೊಂಡವರಲ್ಲಿ ಮತ್ತೆ ಕೆಲಸ ಶುರುಮಾಡಲು ಸಮಯ ಬೇಕು. ನಿಧಾನವಾಗಿ ಇಳಿಸುವುದು ಅದಕ್ಕೇ.

ಈಗ ನಾನು ಕೇಳುವುದು. ಸ್ಟಿರಾಯ್ಡ್ ಬರೆಯುವ ಡಾಕ್ಟರರು ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಷ್ಟು ಮಾತ್ರೆ ಅಂತ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಲಿ. ಇಳಿಸುವಾಗ ದದ್ದು ಎದ್ದರೆ ನಿಲ್ಲಿಸಬೇಡಿ, ಏರಿಸಬೇಡಿ, ಮೊದಲು ಫೋನ್ ಮಾಡಿ ಅಂತ ಒಂದು ಸಾಲು ಸೇರಿಸಲಿ. ಲೈನ್‌ಮನೆಗಳಲ್ಲಿ ತೋಟದ ಕೆಲಸಕ್ಕೆ ಬಂದ ಅಸ್ಸಾಂ ಕಡೆಯವರಿದ್ದಾರೆ, ಓದಲು ಬಾರದ ನಮ್ಮವರೂ ಇದ್ದಾರೆ, ಅವರಿಗೆ ಸೂರ್ಯನ ಚಿತ್ರ ಬರೆದು ಪಕ್ಕದಲ್ಲಿ ಮಾತ್ರೆಯಷ್ಟು ಚುಕ್ಕಿ ಇಟ್ಟರೆ ಸಾಕು. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಅಲ್ಲಿನ ಮಕ್ಕಳು ಮನಸ್ಸು ಮಾಡಿದರೆ ಇಂಥದ್ದೊಂದು ಚೀಟಿಯನ್ನು ಒಂದು ವಾರದಲ್ಲಿ ತಯಾರು ಮಾಡಿಯಾರು.

ಮೆಡಿಕಲ್‌ನವರಲ್ಲೂ ಒಂದು ಮಾತು. ಸ್ಟ್ರಿಪ್ ಕತ್ತರಿಸಿ ಕೊಡುವಾಗ ಹೆಸರು, ಮಿಲಿಗ್ರಾಂ ಎರಡೂ ಹಾರಿಹೋಗುತ್ತವೆ. 5 ಯಾವುದು, 10 ಯಾವುದು ಅಂತ ಮನೆಯಲ್ಲಿ ಕೂತು ಊಹೆ ಮಾಡಬೇಕು. ಕವರಿನ ಮೇಲೆ ಪೆನ್ನಿನಲ್ಲಿ ಬರೆದುಕೊಡಿ. ಮುಲಾಮಿನ ವಿಷಯಕ್ಕೆ ಬಂದರೆ, 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ನಮ್ಮ ಪೇಟೆಯಲ್ಲಿ ಈಗಲೂ ತುರಿಕೆ ಅಂದರೆ ಸಾಕು, ಟ್ಯೂಬ್ ಕೈಗೆ ಬರುತ್ತದೆ.

ಚೇರೆ ಮರವನ್ನು ಕಡಿಸಿಲ್ಲ. ಅದಕ್ಕೆ ಸುತ್ತಲೂ ಸುಣ್ಣದ ಪಟ್ಟಿ ಬಳಿದಿದ್ದೇನೆ. ಈ ವರ್ಷ ಮರಗಸಿಗೆ (ನೆರಳಿನ ಮರದ ಕೊಂಬೆ ಸವರಲು) ಬಂದವರನ್ನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗಿ ತೋರಿಸಿದೆ.

ಇತಿ,
ಒಬ್ಬ ಸಣ್ಣ ಕಾಫಿ ಬೆಳೆಗಾರ, ನಾಪೋಕ್ಲು ಕಡೆಯವನು